ಬರದಿದ್ದರೆ ಹುಡುಕುವವರು ಯಾರು?

ನನಗಿಂತ ಎಂಟು ಹತ್ತು ವರ್ಷ ಚಿಕ್ಕವರ ಜೊತೆ ಕೆಲಸ ಮಾಡುವುದರಲ್ಲಿ ಒಂದು ಲಾಭ ಇದೆ. ನಮ್ಮ ವಯಸ್ಸಿನವರು ಮುಚ್ಚಿಟ್ಟುಕೊಂಡೇ ಬಂದ ಎಷ್ಟೋ ಮಾತನ್ನು ಅವರು ಕಾಫಿ ಮೆಷಿನ್ ಹತ್ತಿರ ನಿಂತುಕೊಂಡೇ ಹೇಳಿಬಿಡುತ್ತಾರೆ. "ಆಂಗ್ಸೈಟಿ ಜಾಸ್ತಿಯಾಗಿತ್ತು ಬ್ರೋ, ಥೆರಪಿ ತಗೋತಿದೀನಿ." "ವೀಕ್‌ಡೇಸಲ್ಲೂ ಕುಡಿಯೋಕೆ ಶುರುವಾಗಿತ್ತು, ಈಗ ಒಂದು ಆ್ಯಪ್ ಹಾಕ್ಕೊಂಡಿದೀನಿ." ಹೀಗೆ ಹೇಳುವ ಧೈರ್ಯ ನನಗೆ ಇಷ್ಟ. ಆದರೆ ಎಲ್ಲಿ ತೋರಿಸುತ್ತಿದ್ದೀರಿ ಅಂತ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಆನ್‌ಲೈನ್. ಆಸ್ಪತ್ರೆಗೇ ಹೋಗಬಹುದಲ್ಲ ಅಂದರೆ "ಅಯ್ಯೋ, ಅಷ್ಟೆಲ್ಲಾ ಏನೂ ಆಗಿಲ್ಲ ಬ್ರೋ" ಅಂತ ಮಾತು ಅಲ್ಲಿಗೇ ನಿಲ್ಲುತ್ತೆ.

ಅವರು ಕೊಡುವ ಕಾರಣಗಳನ್ನು ತಳ್ಳಿಹಾಕುವ ಹಾಗಿಲ್ಲ. ರಜೆ ಹಾಕಬೇಕಿಲ್ಲ, ಮ್ಯಾನೇಜರಿಗೆ ಸುಳ್ಳು ಹೇಳಬೇಕಿಲ್ಲ, ಸಿಲ್ಕ್ ಬೋರ್ಡ್ ದಾಟಬೇಕಿಲ್ಲ. ಕ್ಯಾಮೆರಾ ಆಫ್ ಮಾಡಿಕೊಂಡು ಮಾತಾಡಬಹುದು. ಬಾಯಲ್ಲಿ ಬರದಿದ್ದರೆ ಟೈಪ್ ಮಾಡಬಹುದು. ಮಾತು ಹಿಡಿಸದಿದ್ದರೆ ಕಾಲ್ ಕಟ್ ಮಾಡಿ ಎದ್ದುಹೋಗಬಹುದು. ರಾತ್ರಿ ಎರಡು ಗಂಟೆಗೆ ಎದೆ ಡವಡವ ಅಂದಾಗ ಯಾವ ಓಪಿಡಿ ತೆರೆದಿರುತ್ತೆ ಹೇಳಿ? ಎಲ್ಲಕ್ಕಿಂತ ಮುಖ್ಯವಾಗಿ, ಯಾರಿಗೂ ಗೊತ್ತಾಗುವುದಿಲ್ಲ.

ಈ ಕೊನೆಯ ಕಾರಣವೇ ಉಳಿದೆಲ್ಲಕ್ಕೂ ಬೇರು. ಹಾಗಾಗಿ ಪ್ರಶ್ನೆಯನ್ನು ಅಲ್ಲಿಂದಲೇ ಶುರು ಮಾಡೋಣ. ಯಾರಿಗೂ ಗೊತ್ತಾಗದ ಹಾಗೆ ವಾಸಿಯಾಗುವ ಹಕ್ಕು ನಮಗಿದೆಯಾ? ಇದ್ದರೆ, ನಾವು ನೋಡಿಕೊಳ್ಳುತ್ತೇವೆ ಎಂದು ಮುಂದೆ ಬರುವವರ ಮೇಲೆ ಯಾವ ಹೊಣೆ ಉಳಿಯುತ್ತದೆ?

ಮುಚ್ಚಿಡುವುದನ್ನು ಹೇಡಿತನ ಅನ್ನುವವರು ನಮ್ಮ ಸಮಾಜವನ್ನು ಸರಿಯಾಗಿ ನೋಡಿಲ್ಲ. ಬೆಂಗಳೂರಲ್ಲಿ ಯಾರಾದರೂ ಸ್ವಲ್ಪ ಬೇರೆ ಥರ ಮಾತಾಡಿದರೆ "ನಿಮ್ಹಾನ್ಸ್‌ಗೆ ಸೇರಿಸ್ರೋ ಇವನ್ನ" ಅಂತ ನಗುತ್ತಾರೆ. ಉತ್ತರ ಕರ್ನಾಟಕದ ಗೆಳೆಯರು ಅದೇ ಜೋಕನ್ನು ಧಾರವಾಡದ ಹೆಸರಲ್ಲಿ ಮಾಡುತ್ತಾರೆ. ದೇಶವೇ ಹುಡುಕಿಕೊಂಡು ಬರುವ ಸಂಸ್ಥೆಯ ಹೆಸರನ್ನು ಬೈಗುಳ ಮಾಡಿಕೊಂಡ ಊರಿನಲ್ಲಿ, ಅದರ ಗೇಟಿನ ಮುಂದೆ ಬಸ್ಸಿಳಿಯಲು ಒಬ್ಬ ಹುಡುಗ ಹಿಂಜರಿದರೆ ತಪ್ಪು ಅವನದಾ? ಸಂಬಂಧದ ಮಾತುಕತೆ ನಡೆಯುತ್ತಿರುವ ಹುಡುಗಿ ತನ್ನ ಮಾತ್ರೆಯ ಚೀಟಿಯನ್ನು ಬೀರುವಿನ ಸೀರೆ ಕೆಳಗೆ ಇಡುತ್ತಾಳೆ. ಕಂಪನಿಯೇ ಉಚಿತವಾಗಿ ಕೊಡುವ ಕೌನ್ಸೆಲಿಂಗ್ ಇದ್ದರೂ "ಎಚ್ಆರ್‌ಗೆ ಗೊತ್ತಾದರೆ ಅಪ್ರೈಸಲ್ ಕಥೆ ಏನು" ಅಂತ ಹುಡುಗರು ಅದನ್ನು ಮುಟ್ಟುವುದೇ ಇಲ್ಲ.

ಗಾಂಜಾದ ವಿಷಯಕ್ಕೆ ಬಂದರೆ ಭಯ ಇನ್ನೊಂದು ಸುತ್ತು ಹೆಚ್ಚು. ಎನ್‌ಡಿಪಿಎಸ್ ಕಾಯ್ದೆಯಲ್ಲಿ ಸೇವನೆಯೂ ಅಪರಾಧ. ಡಾಕ್ಟರ ಹತ್ತಿರ ಬಾಯಿಬಿಟ್ಟರೆ ಪೊಲೀಸರು ಬರುತ್ತಾರೇನೋ ಎಂಬ ಅಳುಕು ತುಂಬಾ ಜನರಿಗೆ ಇದೆ. ಅದೇ ಕಾಯ್ದೆಯ 64ಎ ಸೆಕ್ಷನ್, ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದು ಮುಗಿಸಿದರೆ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಶಿಕ್ಷೆಯ ಸೆಕ್ಷನ್ ಎಲ್ಲರ ಬಾಯಲ್ಲೂ ಇರುತ್ತೆ, ಈ ಸೆಕ್ಷನ್ ಯಾರ ಕಿವಿಗೂ ಬಿದ್ದಿರುವುದಿಲ್ಲ.

ಹೀಗೆ ಮುಚ್ಚಿಟ್ಟುಕೊಂಡಿದ್ದರ ಲೆಕ್ಕವೂ ನಮ್ಮ ಮುಂದಿದೆ. ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಮದ್ಯದ ಸಮಸ್ಯೆ ಇರುವವರಲ್ಲಿ ಶೇ. 86ರಷ್ಟು ಜನಕ್ಕೆ ಚಿಕಿತ್ಸೆ ಸಿಕ್ಕಿಲ್ಲ. 2019ರಲ್ಲಿ ಕೇಂದ್ರ ಸರ್ಕಾರಕ್ಕಾಗಿ ಏಮ್ಸ್ ಮಾಡಿಕೊಟ್ಟ ವರದಿ ಇನ್ನೂ ನೇರವಾಗಿ ಹೇಳಿತು: ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿರುವುದು ಒಬ್ಬನಿಗೆ. ಉಳಿದ 37 ಜನರಲ್ಲಿ ಇಬ್ಬರು, ಮೂವರು ಹಿಂದಿನ ಬಾಗಿಲಿಂದಾದರೂ ಒಳಗೆ ಬರುತ್ತಾರೆ ಅಂದರೆ ಆ ಬಾಗಿಲನ್ನು ತೆರೆದಿಡುವುದೇ ಸರಿ. ಮರೆಯಲ್ಲಿ ವಾಸಿಯಾಗುವ ಹಕ್ಕು ಇದೆಯಾ ಎಂಬ ಮೊದಲ ಪ್ರಶ್ನೆಗೆ ನನ್ನ ಉತ್ತರ, ಇದೆ. ಅನುಮಾನವೇ ಬೇಡ.

ಎರಡನೆಯ ಪ್ರಶ್ನೆ ಕಷ್ಟದ್ದು.

ನಾನು ಬೆಳೆದಿದ್ದು ಎಲ್ಲರಿಗೂ ಎಲ್ಲವೂ ಗೊತ್ತಿರುವ ಹಳ್ಳಿಯಲ್ಲಿ. ಅಲ್ಲಿ ಕುಡಿಯುವವನಿಗೆ ಗುಟ್ಟು ಅನ್ನುವುದೇ ಇರಲಿಲ್ಲ. ಯಾರು ನಿನ್ನೆ ಎಷ್ಟು ಕುಡಿದರು, ಯಾರ ಮನೆಯ ತಾಳಿ ಗಿರವಿಗೆ ಹೋಯಿತು, ಯಾರ ಹೆಂಡತಿ ತವರಿಗೆ ನಡೆದಳು, ಎಲ್ಲಾ ಬೆಳಿಗ್ಗೆ ಆರಕ್ಕೆ ಹಾಲಿನ ಡೇರಿ ಮುಂದೆ ಪ್ರಸಾರ. ಅಷ್ಟೆಲ್ಲಾ ಗೊತ್ತಿದ್ದೂ ಯಾರೂ ವಾಸಿಯಾಗಲಿಲ್ಲ. ದೇವರ ಮುಂದೆ ಆಣೆ ಮಾಡಿಸಿದರು, ತೋಳಿಗೆ ತಾಯಿತ ಕಟ್ಟಿಸಿದರು, ಮದುವೆ ಮಾಡಿದರೆ ಸರಿಹೋಗುತ್ತಾನೆ ಅಂತ ಇನ್ನೊಂದು ಜೀವವನ್ನೂ ಆ ಮನೆಗೆ ತಂದರು. ಊರಿಗೆಲ್ಲಾ ಗೊತ್ತಿರುವುದೇ ಬೇರೆ, ಒಬ್ಬರಾದರೂ ನೋಡಿಕೊಳ್ಳುವುದೇ ಬೇರೆ ಅಂತ ನನಗೆ ಅರ್ಥವಾಗಿದ್ದು ಅಲ್ಲೇ. ಹಾಗಾಗಿ "ನಮ್ಮ ಹಳ್ಳಿಗಳಲ್ಲಿ ಈ ಡಿಪ್ರೆಶನ್ ಎಲ್ಲಾ ಇರಲಿಲ್ಲ, ಜನ ಒಬ್ಬರಿಗೊಬ್ಬರು ಆಗ್ತಿದ್ರು" ಅಂತ ಯಾರಾದರೂ ಭಾಷಣ ಮಾಡಿದರೆ ನನಗೆ ನಗು ಬರುತ್ತೆ.

ಆದರೂ ಆ ಊರಿಗೆ ಒಂದು ಗುಣ ಇತ್ತು. ಎರಡು ದಿನ ಕಣ್ಣಿಗೆ ಬೀಳದ ಮನುಷ್ಯನನ್ನು ಅದು ಕೇಳುತ್ತಿತ್ತು. "ಯಾಕೋ ಡೇರಿ ಹತ್ರ ಬರ್ಲೇ ಇಲ್ವಲ್ಲ" ಅಂತ ಒಬ್ಬರು ಅನ್ನುತ್ತಿದ್ದರು, ಇನ್ನೊಬ್ಬರು ಹೋಗಿ ಬಾಗಿಲು ತಟ್ಟುತ್ತಿದ್ದರು. ಬೆಂಗಳೂರಿನ ಪಿಜಿಯಲ್ಲಿ, ವರ್ಕ್ ಫ್ರಮ್ ಹೋಮ್ ಹುಡುಗನೊಬ್ಬ ಮೂರು ದಿನ ರೂಮಿನಿಂದ ಹೊರಗೆ ಬರದಿದ್ದರೆ ಗೊತ್ತಾಗುವುದು ಯಾರಿಗೆ? ಊಟ ತಂದುಕೊಡುವವನು ಗೇಟಿನಲ್ಲೇ ಪೊಟ್ಟಣ ಇಟ್ಟು ಹೋಗುತ್ತಾನೆ. ಟೀಮಿನವರಿಗೆ ಅವನ ಹೆಸರಿನ ಪಕ್ಕ ಹಸಿರು ಚುಕ್ಕೆ ಕಾಣುತ್ತೆ, ಅಷ್ಟು ಸಾಕು.

ಇಂಥ ರೂಮಿನಲ್ಲಿ ಕೂತವನಿಗೆ ಆ್ಯಪ್ ಒಂದೇ ಕೇಳಿಸಿಕೊಳ್ಳುವ ಕಿವಿ. ಈಗೀಗ ಆ ಕಿವಿ ಮನುಷ್ಯರದ್ದೇ ಆಗಿರಬೇಕು ಅಂತಲೂ ಇಲ್ಲ. ಚಾಟ್‌ಬಾಟ್ ಜೊತೆ ಮನಸ್ಸು ಬಿಚ್ಚಿ ಮಾತಾಡುವುದನ್ನು ನಾವು ಹೊಸದು ಅಂದುಕೊಂಡಿದ್ದೇವೆ. 1966ರಲ್ಲೇ ಎಂಐಟಿಯ ಜೋಸೆಫ್ ವೈಜೆನ್‌ಬಾಮ್ 'ಎಲೈಜಾ' ಅನ್ನುವ ಪ್ರೋಗ್ರಾಮಿನ ಬಗ್ಗೆ ಪ್ರಕಟಿಸಿದರು. ಥೆರಪಿಸ್ಟ್ ಪಾತ್ರ ಹಾಕಿದಾಗ ಅದು ಮಾಡುತ್ತಿದ್ದ ಕೆಲಸ, ಹೇಳಿದವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವುದು. ಅದು ಬರೀ ಪ್ರೋಗ್ರಾಮ್ ಅಂತ ಚೆನ್ನಾಗಿ ಗೊತ್ತಿದ್ದ ಅವರ ಸೆಕ್ರೆಟರಿಯೇ ಅದರ ಜೊತೆ ಸ್ವಲ್ಪ ಹೊತ್ತು ಮಾತಾಡಿ, ನೀವು ದಯವಿಟ್ಟು ರೂಮಿನಿಂದ ಆಚೆ ಹೋಗಿ ಅಂತ ವೈಜೆನ್‌ಬಾಮರಿಗೇ ಹೇಳಿದರಂತೆ. ಅವರು ಇದನ್ನು ಕಂಡು ಗಾಬರಿಯಾಗಿ, ಮುಂದೆ ಕಂಪ್ಯೂಟರಿಗೆ ಯಾವ ಕೆಲಸ ಕೊಡಬಾರದು ಅನ್ನುವುದರ ಬಗ್ಗೆ ಪುಸ್ತಕವನ್ನೇ ಬರೆದರು.

ನನಗೆ ಆ ಸೆಕ್ರೆಟರಿಯ ಮೇಲೆ ಗೌರವ ಇದೆ. ಹೇಳಿಕೊಳ್ಳಲು ಜಾಗ ಸಿಕ್ಕರೆ ಸಾಕು, ಮನಸ್ಸು ಹಗುರಾಗುತ್ತೆ. ಬಾವಿಗೆ ಬಗ್ಗಿ ಕೂಗಿದರೂ ಹಗುರಾಗುತ್ತೆ. ಆ ಹಗುರವನ್ನು ಸುಳ್ಳು ಅಂತ ಹೇಳುವ ಹಕ್ಕು ನನಗಿಲ್ಲ. ಆದರೆ ಬಾವಿಯ ಹತ್ತಿರ "ನಾಳೆಯಿಂದ ಕುಡಿಯಲ್ಲ" ಅಂತ ಹೇಳಿ ನೋಡಿ. ಹೇಳಿದ್ದು ಮಾತು ಕೊಟ್ಟ ಹಾಗೆ ಆಗುವುದಿಲ್ಲ. ಮಾತು ಕೊಡಬೇಕಾದರೆ ತೆಗೆದುಕೊಳ್ಳುವವರೊಬ್ಬರು ಬೇಕು.

ಇದಕ್ಕೆ ನಮ್ಮ ಹುಡುಗರ ಹತ್ತಿರ ಗಟ್ಟಿ ಉತ್ತರ ಇದೆ. "ಅದಕ್ಕೇ ಬ್ರೋ ನಂಗೆ ಬಾಟ್ ಇಷ್ಟ. ಮತ್ತೆ ಕುಡಿದೆ ಅಂದ್ರೆ ಅದಕ್ಕೆ ಬೇಜಾರಾಗಲ್ಲ. ಅಪ್ಪನ ಥರ ಮುಖ ತಿರುಗಿಸಲ್ಲ." ಈ ಮಾತನ್ನು ಸುಲಭಕ್ಕೆ ದಾಟಿಹೋಗಬಾರದು. ವ್ಯಸನದಿಂದ ಹೊರಬರುವವರು ಮತ್ತೆ ಜಾರುವುದು ಸಾಮಾನ್ಯ. ಜಾರಿದ ಮೇಲೆ ಬರುವ ನಾಚಿಕೆಯೇ ಅವರನ್ನು ಇನ್ನೊಂದು ಬಾಟಲಿಗೆ ದೂಡುತ್ತದೆ. ಬೈಯದ ಕಿವಿಯೊಂದು ಸಿಕ್ಕರೆ ಅದು ಪುಣ್ಯವೇ ಸರಿ.

ಆದರೆ ಒಳ್ಳೆಯ ಡಾಕ್ಟರು, ಕೌನ್ಸೆಲರುಗಳೂ ಬೈಯುವುದಿಲ್ಲ. ಮತ್ತೆ ಕುಡಿದದ್ದನ್ನು ಅವರು ಕಾಯಿಲೆಯ ಭಾಗವಾಗಿ ನೋಡುತ್ತಾರೆ. ಯಾವಾಗ, ಯಾರ ಜೊತೆ, ಅದಕ್ಕೆ ಮುಂಚೆ ಏನಾಗಿತ್ತು ಅಂತ ಕೇಳುತ್ತಾರೆ. ಬೈಯದೆ ಇರುವುದಕ್ಕೂ ಲೆಕ್ಕಕ್ಕೇ ಇಡದೆ ಇರುವುದಕ್ಕೂ ಅಜಗಜಾಂತರ. ಅಪ್ಪ ಮುಖ ತಿರುಗಿಸುವುದು ಅವನಿಗೆ ಮಗನ ಪಾಡು ಮುಖ್ಯವಾದ್ದರಿಂದ, ಆದರೆ ಏನು ಮಾಡಬೇಕೋ ಅವನಿಗೆ ಗೊತ್ತಿಲ್ಲ. ಬಾಟ್ ಮುಖ ತಿರುಗಿಸದಿರುವುದು ನೀವು ಬದುಕಿದರೂ ಅದಕ್ಕೊಂದೇ, ಹೋದರೂ ಅದಕ್ಕೊಂದೇ ಆದ್ದರಿಂದ. ನಮಗೆ ಬೇಕಾದವರು ಇವರಿಬ್ಬರೂ ಅಲ್ಲ. ನಮ್ಮ ಪಾಡು ಮುಖ್ಯ ಅಂದುಕೊಂಡೂ ಮುಖ ತಿರುಗಿಸದವರು ಬೇಕು.

ಇಂಥವರು ಸ್ಕ್ರೀನಿನ ಆ ಕಡೆ ಸಿಗುವುದೇ ಇಲ್ಲ ಅಂತ ನಾನು ಹೇಳುತ್ತಿಲ್ಲ. ಸಿಗುತ್ತಾರೆ. ಆದರೆ ನಾನು ಆ್ಯಪ್ ಕಟ್ಟುವ ಕಸುಬಿನವನು, ನಮ್ಮ ಒಳಮನೆ ಹೇಗಿದೆ ಅಂತ ಹೇಳಲೇಬೇಕು. ನಮ್ಮಲ್ಲಿ ಬಳಕೆದಾರ ಬರುವುದು ನಿಂತರೆ ಅದಕ್ಕೆ 'ಚರ್ನ್' ಅನ್ನುತ್ತೇವೆ. ಡ್ಯಾಶ್‌ಬೋರ್ಡಿನಲ್ಲಿ ಅದೊಂದು ಶೇಕಡಾವಾರು. ಏಳು ದಿನ ತೆರೆಯದವರಿಗೆಲ್ಲಾ "ನಿಮ್ಮನ್ನು ಮಿಸ್ ಮಾಡ್ಕೊಂಡ್ವಿ" ಅಂತ ಒಂದು ನೋಟಿಫಿಕೇಶನ್ ಹೋಗುವ ಹಾಗೆ ಮೊದಲೇ ಬರೆದಿಟ್ಟಿರುತ್ತೇವೆ. ದಿನಸಿ ಮಾರುವ ಆ್ಯಪಿಗೆ ಇಷ್ಟು ಸಾಕು. ಮನಸ್ಸಿನ ಚಿಕಿತ್ಸೆಯಲ್ಲಿ ಬರುವುದು ನಿಂತವನು ವಾಸಿಯಾಗಿರಬಹುದು, ದುಡ್ಡು ಮುಗಿದಿರಬಹುದು, ಮತ್ತೆ ಕುಡಿಯಲು ಶುರುಮಾಡಿ ನಾಚಿಕೆಯಿಂದ ಮರೆಯಾಗಿರಬಹುದು, ಇಲ್ಲವೇ ಸಾಯಲು ತೀರ್ಮಾನಿಸಿರಬಹುದು. ಡ್ಯಾಶ್‌ಬೋರ್ಡಿಗೆ ಈ ನಾಲ್ವರೂ ಒಂದೇ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. ಒಳ್ಳೆಯ ಚಿಕಿತ್ಸಕರ ಗುರಿ, ಒಂದು ದಿನ ನೀವು ಅವರ ಬಳಿ ಬರುವ ಅಗತ್ಯವೇ ಇರಬಾರದು ಅನ್ನುವುದು. ಆ್ಯಪ್ ವ್ಯಾಪಾರದ ಗುರಿ ನೀವು ದಿನಾ ಬರಬೇಕು ಅನ್ನುವುದು. ಚಟ ಬಿಡಿಸುತ್ತೇವೆ ಅನ್ನುವ ಆ್ಯಪಿನಲ್ಲೂ ಚಟ ಹಿಡಿಸುವ ಅದೇ ಸಾಮಾನುಗಳಿರುತ್ತವೆ. ಸ್ಟ್ರೀಕು, ಬ್ಯಾಡ್ಜು, ಕೆಂಪು ಚುಕ್ಕೆ. 40 ದಿನದ ಸ್ಟ್ರೀಕ್ ಒಂದು ರಾತ್ರಿ ಮುರಿದು ಸೊನ್ನೆಯಾದಾಗ, ಆ ಸೊನ್ನೆಯನ್ನು ಒಬ್ಬನೇ ಕೂತು ನೋಡುವವನ ಸ್ಥಿತಿ ಏನು ಅಂತ ಡಿಸೈನ್ ಮೀಟಿಂಗಿನಲ್ಲಿ ಯಾರಾದರೂ ಕೇಳಬೇಕು.

ನಮ್ಮ ಸರ್ವರ್ ರಾತ್ರಿ ಮೂರಕ್ಕೆ ಬಿದ್ದರೆ ಹೀಗಿರುವುದಿಲ್ಲ. ಒಬ್ಬರ ಫೋನ್ ಹೊಡೆದುಕೊಳ್ಳುತ್ತೆ. ಅವರು ಐದು ನಿಮಿಷದಲ್ಲಿ ಎತ್ತದಿದ್ದರೆ ಇನ್ನೊಬ್ಬರಿಗೆ, ಅವರೂ ಎತ್ತದಿದ್ದರೆ ಮ್ಯಾನೇಜರಿಗೆ. ಈ ವಾರ ಯಾರ ಸರದಿ ಅಂತ ಹೆಸರು ಬರೆದಿಟ್ಟಿರುತ್ತೇವೆ. ಹೊಣೆ ಅಂದರೆ ಇಷ್ಟೇ: ಬಿದ್ದದ್ದು ಗೊತ್ತಾಗಬೇಕು, ಎದ್ದು ಬರುವವರ ಹೆಸರು ಮೊದಲೇ ನಿಗದಿಯಾಗಿರಬೇಕು. ಮಷೀನಿಗೆ ಈ ಏರ್ಪಾಡು ಮಾಡಲು ಬರುವ ನಮಗೆ ಮನುಷ್ಯನಿಗೆ ಮಾಡಲು ಬರುವುದಿಲ್ಲ ಅಂತ ಏನಿಲ್ಲ.

ಗುಟ್ಟಿನ ವಿಷಯದಲ್ಲೂ ಒಂದು ಮಾತು. ಪಕ್ಕದ ಮನೆ ಆಂಟಿಯಿಂದ ಮುಚ್ಚಿಟ್ಟರೆ ಮುಚ್ಚಿಟ್ಟ ಹಾಗೆ ಅಂದುಕೊಳ್ಳುತ್ತೇವೆ. 2023ರಲ್ಲಿ ಅಮೆರಿಕದ ಎಫ್‌ಟಿಸಿ, ಬೆಟರ್‌ಹೆಲ್ಪ್ ಎಂಬ ಆನ್‌ಲೈನ್ ಕೌನ್ಸೆಲಿಂಗ್ ಕಂಪನಿ ಜನರ ಇಮೇಲ್ ಮತ್ತು ಆರೋಗ್ಯದ ಪ್ರಶ್ನೆಗಳಿಗೆ ಅವರು ಕೊಟ್ಟ ಮಾಹಿತಿಯನ್ನು ಫೇಸ್‌ಬುಕ್, ಸ್ನ್ಯಾಪ್‌ಚಾಟ್ ಮುಂತಾದವುಗಳಿಗೆ ಜಾಹೀರಾತಿಗಾಗಿ ಕೊಟ್ಟಿದೆ ಎಂದು ಆರೋಪಿಸಿತು. ಕಂಪನಿ 78 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ಫಿನ್ಲೆಂಡಿನಲ್ಲಿ ವಾಸ್ತಾಮೋ ಎಂಬ ಥೆರಪಿ ಸಂಸ್ಥೆಯ ಕಂಪ್ಯೂಟರಿನಿಂದ ಕದ್ದ ದಾಖಲೆಗಳನ್ನು ಹಿಡಿದುಕೊಂಡು 2020ರಲ್ಲಿ ಬ್ಲ್ಯಾಕ್‌ಮೇಲ್ ಶುರುವಾಯಿತು. 30 ಸಾವಿರಕ್ಕೂ ಹೆಚ್ಚು ಜನ ನಂಬಿ ಹೇಳಿಕೊಂಡಿದ್ದ ವಿಷಯಗಳವು. ಅಲ್ಲಿನ ಜನ ಮುಖಾಮುಖಿ ಕೂತು ಹೇಳಿದ್ದೂ ಕಂಪ್ಯೂಟರಿನಲ್ಲೇ ಬಿದ್ದಿತ್ತು ಅನ್ನುವುದನ್ನು ಮರೆಯಬಾರದು. ಅಂದರೆ ಆನ್‌ಲೈನೋ ಆಸ್ಪತ್ರೆಯೋ ಅನ್ನುವ ವಾದಕ್ಕಿಂತ, ಗುಟ್ಟು ಯಾರ ಕೈಯಲ್ಲಿದೆ, ಆ ಕೈಗೆ ಲಾಭ ಯಾವುದರಲ್ಲಿದೆ ಅಂತ ಕೇಳುವುದು ಮುಖ್ಯ.

ಹಾಗೆ ಕೇಳಿದಾಗ ಕೆಲವು ಆನ್‌ಲೈನ್ ಬಾಗಿಲುಗಳು ಒಳ್ಳೆಯವಾಗಿಯೇ ಕಾಣುತ್ತವೆ. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ನೋಡಿ. ನಿಮ್ಹಾನ್ಸ್ ಅದರ ಕೇಂದ್ರ ಸಂಸ್ಥೆ, ತಂತ್ರಜ್ಞಾನ ನಮ್ಮದೇ ಬೆಂಗಳೂರಿನ ಐಐಐಟಿಯದ್ದು. 14416ಕ್ಕೆ ದಿನದ ಯಾವ ಹೊತ್ತಿಗೆ ಫೋನ್ ಮಾಡಿದರೂ ದುಡ್ಡಿಲ್ಲದೆ ಕನ್ನಡದಲ್ಲಿ ಮಾತಾಡಬಹುದು. ಮೊದಲು ತರಬೇತಾದ ಕೌನ್ಸೆಲರ್ ಎತ್ತುತ್ತಾರೆ. ಅಗತ್ಯ ಬಿದ್ದರೆ ಮೇಲಿನ ತಜ್ಞರಿಗೆ, ಅಲ್ಲಿಂದ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಥವಾ ಆಸ್ಪತ್ರೆಗೆ ದಾರಿ ತೋರಿಸುತ್ತಾರೆ. ಮನೋವೈದ್ಯರೆಲ್ಲಾ ದೊಡ್ಡ ಊರುಗಳಲ್ಲೇ ಗುಂಪಾಗಿರುವ ರಾಜ್ಯದಲ್ಲಿ, ಲಿಂಗಸುಗೂರಿನ ಹುಡುಗಿಗೂ ಮಾದಪ್ಪನ ಬೆಟ್ಟದ ಕಡೆಯ ಹುಡುಗನಿಗೂ ಇದಕ್ಕಿಂತ ಹತ್ತಿರದ ಬಾಗಿಲು ಇಲ್ಲ. ಇದರಲ್ಲಿ ನನಗೆ ಹಿಡಿಸಿದ್ದು, ಫೋನಿನ ಹಿಂದೆ ಒಂದು ಏಣಿ ಇದೆ. ಫೋನ್ ಸಾಲದಾದಾಗ ಮುಂದಿನ ಮೆಟ್ಟಿಲು ಯಾವುದು ಅಂತ ಆ ಕಡೆಯವರಿಗೆ ಗೊತ್ತಿದೆ.

ಫೋನ್ ಸಾಲದ ಹೊತ್ತು ಬಂದೇ ಬರುತ್ತೆ. ಕುಡಿತದಲ್ಲಂತೂ ಇದು ಜೀವದ ಪ್ರಶ್ನೆ. ವರ್ಷಗಟ್ಟಲೆ ದಿನಾ ಹೆಚ್ಚು ಕುಡಿದವನು ಹುಮ್ಮಸ್ಸಿನಲ್ಲಿ ಒಂದೇ ದಿನಕ್ಕೆ ನಿಲ್ಲಿಸಿದರೆ ಕೈ ನಡುಗಿ, ಬೆವರಿ, ಫಿಟ್ಸ್ ಬರಬಹುದು. ಎರಡು ಮೂರು ದಿನದಲ್ಲಿ ಇಲ್ಲದ್ದು ಕಾಣಿಸಿ, ಕೇಳಿಸಿ, ದಿಕ್ಕು ತಪ್ಪಬಹುದು. ಚಿಕಿತ್ಸೆ ಸಿಗದಿದ್ದರೆ ಸಾವೂ ಬರಬಹುದು. ಆ ಹೊತ್ತಿನಲ್ಲಿ ಬೇಕಾಗಿರುವುದು ಹಾಸಿಗೆ, ಡ್ರಿಪ್ಪು, ನಾಡಿ ಹಿಡಿಯುವ ಕೈ. "ಭೇಷ್, ಇವತ್ತು ನಿಮ್ಮ 2ನೇ ದಿನ!" ಅಂತ ಹಾರೈಸುವ ಪರದೆಗೆ ಎದುರಿಗಿರುವವನ ಕೈ ನಡುಗುತ್ತಿರುವುದು ಕಾಣುವುದಿಲ್ಲ.

ಆಗ ಯಾರನ್ನು ಕರೆಯಬೇಕು? ಎಲ್ಲಾ ಮತ್ತೆ ಬಂದು ನಿಲ್ಲುವುದು ಇಲ್ಲಿಗೇ. ನಮ್ಮ ಹುಡುಗರಿಗೆ ಎರಡೇ ದಾರಿ ಇದೆ ಅಂತ ಅನ್ನಿಸಿಬಿಟ್ಟಿದೆ. ಇಡೀ ಊರಿಗೆ ಗೊತ್ತಾಗುವುದು, ಇಲ್ಲವೇ ಯಾರಿಗೂ ಗೊತ್ತಾಗದಿರುವುದು. ಮೊದಲನೆಯದು ನಮ್ಮ ಹಳ್ಳಿ, ಎರಡನೆಯದು ಪಿಜಿ ರೂಮು. ನಡುವೆ ಒಂದು ದಾರಿ ಇದೆ: ಒಬ್ಬರಿಗೆ ಗೊತ್ತಿರುವುದು. ಆ ಒಬ್ಬರು ಯಾರು ಅನ್ನುವುದನ್ನು ನಾವೇ ಆರಿಸಿಕೊಳ್ಳುವುದು.

ಆಶ್ಚರ್ಯ ಅಂದರೆ ನಮ್ಮ ಕಾನೂನು ಇದನ್ನು ಯೋಚಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ನಮ್ಮ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕು ಕೊಡುತ್ತದೆ. ಜೀವಕ್ಕೆ ಅಪಾಯ ಇರುವಂಥ ಕೆಲವು ಸಂದರ್ಭಗಳಲ್ಲಿ ಮಾತ್ರ ಅದಕ್ಕೆ ವಿನಾಯಿತಿ. ಅದೇ ಕಾಯ್ದೆ ವಯಸ್ಕರಾದ ಪ್ರತಿಯೊಬ್ಬರಿಗೂ ನಾಮನಿರ್ದೇಶಿತ ಪ್ರತಿನಿಧಿಯೊಬ್ಬರನ್ನು ಗೊತ್ತುಮಾಡಿಕೊಳ್ಳುವ ಹಕ್ಕನ್ನೂ ಕೊಡುತ್ತದೆ. ಆ ಪ್ರತಿನಿಧಿ ಅಪ್ಪ ಅಮ್ಮನೇ ಆಗಿರಬೇಕಿಲ್ಲ, ಗಂಡ ಹೆಂಡತಿಯೇ ಆಗಿರಬೇಕಿಲ್ಲ. ಗೆಳೆಯ ಆಗಬಹುದು, ಗೆಳತಿ ಆಗಬಹುದು, ಅವರು ಒಪ್ಪಬೇಕು ಅಷ್ಟೇ. ಕಾಯ್ದೆ ಇದನ್ನು ಮಾಡಿರುವುದು ಮುಖ್ಯವಾಗಿ ಚಿಕಿತ್ಸೆಯ ತೀರ್ಮಾನಗಳಿಗಾಗಿ. ಆದರೆ ಅದರ ಹಿಂದಿನ ವಿವೇಕ ಎಲ್ಲಾ ಬಗೆಯ ಆರೈಕೆಗೂ ಹೊಂದುತ್ತದೆ. ಯಾರಿಂದ ಮರೆಯಾಗಬೇಕು ಅನ್ನುವುದರ ಜೊತೆಗೆ, ಯಾರಿಗೆ ಕಾಣುತ್ತಿರಬೇಕು ಅನ್ನುವುದನ್ನೂ ನೀವೇ ಹೇಳಿ ಅನ್ನುತ್ತದೆ ಅದು.

ಆನ್‌ಲೈನ್ ಆರೈಕೆ ಕೊಡುವ ಯಾರೇ ಆಗಲಿ, ಮೊದಲ ದಿನವೇ ಈ ಪ್ರಶ್ನೆ ಕೇಳಬೇಕು ಅಂತ ನನ್ನ ವಾದ. "ನೀವು ಹೇಳದೆ ಕೇಳದೆ ಬರುವುದು ನಿಲ್ಲಿಸಿದರೆ ನಿಮಗೆ ಫೋನ್ ಮಾಡಲಾ? ನೀವು ಎತ್ತದಿದ್ದರೆ ಯಾರಿಗೆ ಮಾಡಲಿ?" ಬೇಡ ಅನ್ನುವ ಹಕ್ಕು ನಮಗಿರಲಿ. ಕೇಳದೆ ಇರುವ ಹಕ್ಕು ಅವರಿಗಿಲ್ಲ. ಈ ಪ್ರಶ್ನೆ ಕೇಳುವ ಕಡೆ ಹೋಗಿ. ಕೇಳದವರ ಬಳಿ ನಿದ್ದೆ ಬರುವ ಸಂಗೀತ ಕೇಳಿ, ಉಸಿರಾಟದ ವ್ಯಾಯಾಮ ಮಾಡಿ, ತಪ್ಪೇನಿಲ್ಲ. ಜೀವ ಮಾತ್ರ ಒಪ್ಪಿಸಬೇಡಿ.

ಆ ಪ್ರತಿನಿಧಿಯನ್ನು ಗೊತ್ತುಮಾಡಿಕೊಳ್ಳಲು ಕಾಯ್ದೆ ಕೇಳುವುದು ಏನು ಗೊತ್ತಾ? ಒಂದು ಬಿಳಿ ಹಾಳೆ, ಅದರ ಮೇಲೆ ಒಂದು ಹೆಸರು, ಕೆಳಗೆ ನಿಮ್ಮ ಸಹಿ. ನೀವಾದರೆ ಯಾರ ಹೆಸರು ಬರೆಯುತ್ತೀರಿ ಅಂತ ಇವತ್ತು ರಾತ್ರಿ ಒಮ್ಮೆ ಯೋಚಿಸಿ. ಕೂಡಲೇ ಹೆಸರು ಹೊಳೆಯದಿದ್ದರೆ, ಈ ವಾರ ಮಾಡಬೇಕಾದ ಮೊದಲ ಕೆಲಸ ಅದೇ. ಹೊಳೆದರೆ ಅವರನ್ನು ಕೇಳಿ. ಹಾಗೇ, ನಿಮ್ಮ ಹೆಸರನ್ನು ಯಾರು ಬರೆದಾರು ಅಂತಲೂ ಯೋಚಿಸಿ. ಎರಡು ದಿನದಿಂದ ಮೆಸೇಜಿಗೆ ಉತ್ತರ ಕೊಡದವರು ಅವರಲ್ಲಿ ಯಾರಾದರೂ ಇದ್ದರೆ, ಫೋನ್ ಮಾಡಿ. ಎತ್ತದಿದ್ದರೆ ಗಾಡಿ ತೆಗೆಯಿರಿ.